ಸೋಲಾಪುರದ ರೇಟು

ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕು ತಿರಗಿ ಬರ್ರಿ. ಕಲ್ಯಾಣಪ್ಪ ಸಾಹುಕಾರನ ರೇಡಿಯೋ ಅಂಗಡ್ಯಾಗ ಕಾಲಿನ ಮ್ಯಾಲ ಕಾಲು ಹಾಕಿ ಕುಂತು, ಒಂದ ಮಾತಿಗೆ ನಾಕ ನೂರು ರೂಪಾಯಿ ಇಳಿಸಿದ ಗಂಡಸು ಇನ್ನೊಬ್ಬ ಸಿಕ್ರ ನನ್ನ ಮೀಸಿ ಬೋಳಿಸ್ರಿ. ಮೀಸಿ ಇನ್ನೂ ಸರೀಗಿ ಬಂದಿಲ್ಲ, ಆ ಮಾತು ಬ್ಯಾರೆ. ನನ್ನ ಹೆಸರು ಚಂದ್ರಾಮ. ಊರು ಗೊಬ್ಬೂರ. ಅಫಜಲಪುರದ ಟೆಂಟ್ ಟಾಕೀಸಿನ್ಯಾಗ ಟಿಕೀಟು ಹರಿಯೋದು ನನ್ನ ಕೆಲಸ. ಟಿಕೀಟು ಹರದು ಹರದು ಬಾಯಿತುಂಬ ಡೈಲಾಗ ತುಂಬ್ಯಾವ. ಹಸಿವಾದ್ರೂ ಹೀರೋನಂಗ ಮಾತಾಡ್ತೇನಿ.

ಇದು ಈ ವರ್ಷದ, ಎಂಬತ್ನಾಕರ ಮಾತು. ನಮ್ಮ ಕೇರಿಗೆ ಒಂದು ಭೋಂಗಾ ಬೇಕಾಗಿತ್ತು. ಭೋಂಗಾ ಅಂದ್ರ ಲೌಡ್‌ಸ್ಪೀಕರು. ಅದು, ಮೈಕು, ಅದರ ಮಶೀನು, ಪೂರಾ ಸೆಟ್ಟು. ಯಾಕಂತೀರಿ? ಹ್ವಾದ ವರ್ಷ ಬಾಬಾಸಾಹೇಬರ ಜಯಂತಿಗೆ ಗೌಡ್ರ ಮನಿ ಸೆಟ್ಟು ಬಾಡಿಗಿಗೆ ತಂದಿದ್ವಿ. ದ್ರೌಪದಿ ಅತ್ತಿ ಮೈಕ್ ಹಿಡದು, "ತೊಗರಿ ಕೊಯ್ಯೋ ಹೆಣ್ಮಕ್ಕಳಿಗೆ ಗೌಡ್ರು ಅರ್ಧಾ ಕೂಲಿ ಕೊಟ್ಟಾರ" ಅಂದ್ಲು. ಅಷ್ಟ. ಭೋಂಗಾ ಬಂದ್.

"ಫ್ಯೂಜ್ ಹೋಗ್ಯದ," ಅಂದ ಗೌಡ್ರ ಆಳು.

"ಫ್ಯೂಜು ನಿನ್ನ ಕೈಯಾಗ ಅದಲ್ಲೋ," ಅಂದ್ಲು ಅತ್ತಿ.

ಆಂವ ನಕ್ಕ. ವೈರು ಸುತಗೊಂಡು ಹೋದ.

ಆವತ್ತ ಕೇರಿ ಹೆಣ್ಮಕ್ಕಳು ಠರಾಯಿಸಿಬಿಟ್ರು. ಬರೋ ಜಯಂತಿಗೆ ಸೆಟ್ಟು ನಮ್ದ ಇರಬೇಕು. ವರ್ಷಾ ಪೂರಾ ಕೂಲ್ಯಾಗ ಹಿಡದು ಕೂಡಿಸಿದ್ರು. ಸಾವಿರದ ನಾಕ ನೂರು ಆತು. ಸೋಲಾಪುರದ ಗಿರಣ್ಯಾಗ ದುಡಿಯೋ ದತ್ತಪ್ಪ ಕಾಕಾ ಅಲ್ಲಿ ಕೇಳ್ಕೊಂಡು ಬಂದಿದ್ದ, ಸೆಟ್ಟಿನ ರೇಟು ಅಷ್ಟ ಅಂತ. ಆದ್ರ ಅಲ್ಲಿಂದ ತಂದ್ರ ಗಡಿ ನಾಕಾದಾಗ ಜಕಾತಿ, ಮ್ಯಾಲ ಪೊಲೀಸರ ಕೈಬಿಸಿ.

"ಆಳಂದಕ್ಕ ಹೋಗ್ರಿ," ಅಂದ ದತ್ತಪ್ಪ ಕಾಕಾ. "ಕಲ್ಯಾಣಪ್ಪನ ಅಂಗಡಿ ಮುಂದ ಬೋರ್ಡ್ ಅದ. ಸೋಲಾಪುರದ ರೇಟಿಗೇ ಮಾಲು ಕೊಡ್ತೇವಿ ಅಂತ ಬರದಾನ."

ನಮ್ಮ ಕೇರಿ ಹಿರಿಯ ಪೀರಪ್ಪ ಮುತ್ಯಾ ಹೋದ. ಜೋಡಿಗೆ ನಾನೂ ಹೋದೆ. ಮುತ್ಯಾ ಮೆಟ್ಟಲಾ ಹತ್ತಲಿಲ್ಲ. ಕೆಳಗ ನಿಂತು ಕೈ ಮುಗದ.

"ಸಾಹುಕಾರ್ರೇ, ಭೋಂಗಾ ಸೆಟ್ಟು ಎಷ್ಟ್ರಿ?"

"ಹದಿನೆಂಟ ನೂರು."

"ಸೋಲಾಪುರದಾಗ ಹದಿನಾಕ ನೂರು ಅದಂತ್ರಿ."

"ಹೋಗಿ ತಗೋ."

"ಬೋರ್ಡಿನ್ಯಾಗ ಬರದೀರಿ, ಅದ ರೇಟಿಗೆ ಕೊಡ್ತೇವಿ ಅಂತ."

ಕಲ್ಯಾಣಪ್ಪ ತಲಿ ಎತ್ತಿ ನೋಡಿದ. "ಬೋರ್ಡು ಸೋಲಾಪುರಕ್ಕ ಹೋಗಿ ಬರೋ ಮಂದೀಗಿ. ನೀ ಯಾವ ಜೀಪಿನ್ಯಾಗ ಹೋಗಾಂವ?"

"ಒಮ್ಮಿ ಹಚ್ಚಿ ಕೇಳಸ್ರಿ. ದನಿ ಹೆಂಗ ಬರತದ ನೋಡ್ತೇವಿ."

"ರೊಕ್ಕ ಇಟ್ಟು ಕೇಳು."

ಅಷ್ಟರಾಗ ಜೀಪ ಬಂತು. ಜಿಡಗಾ ಕಡಿ ಪಾಟೀಲನಂತ. ಒಳಗ ಹೋದ, ಟೇಪ್ ರಿಕಾರ್ಡರ್ ತಗೊಂಡ. ರೇಟ ಕೇಳಲಿಲ್ಲ. ಕಲ್ಯಾಣಪ್ಪನೇ, "ನಿಮಗ ಸೋಲಾಪುರಕಿಂತ ಐವತ್ತು ಕಡಿಮಿ" ಅಂದ. ನಾವು ಜೀಪಿಗಿ ಹಾದಿ ಬಿಟ್ಟು ಬಾಜೂಕ ನಿಂತ್ವಿ.

ವಾಪಸ್ ಬರೋ ಬಸ್ಸಿನ್ಯಾಗ ನಾ ಅಂದೆ, "ಮುತ್ಯಾ, ರೇಟು ಮಾಲಿಗಿಲ್ಲ, ಮಾರೀಗದ. ಮಾರಿ ಬದಲಿ ಮಾಡೋಣು."

"ಸಿನಿಮಾ ಬ್ಯಾಡಲೇ, ಚಂದ್ರಾಮ."

"ಇದು ಇಂಟರ್ವಲ್ ಮುತ್ಯಾ. ಮುಂದ ನೋಡು."

ಇಸ್ತ್ರಿ ಅಂಗಡಿ ಸರ್ದಾರ ನನ್ನ ದೋಸ್ತ. ಅವನ ಹಂತ್ಯಾಕ ಒಬ್ಬ ವಕೀಲರ ಸಫಾರಿ ಇಸ್ತ್ರಿಗೆ ಬಂದಿತ್ತು.

"ಒಂದಿನ ಕೊಡೋ."

"ಕಲೆ ಬಿತ್ತಂದ್ರ ನನ್ನ ತೊಗಲು ಸುಲೀತಾರ ಭಾಯಿ."

"ನಿನ್ನ ತೊಗಲೇನು ಹೊಸಾದದ ಏನ?"

ಕೊಟ್ಟ. ಕರೀ ಕನ್ನಡಕಾನೂ ಕೊಟ್ಟ. ಕಿಸೆದಾಗ ಒಂದು ಪೆನ್ನು ಸಿಗಸಿ, "ಬರಿಯಾಕ ಹೇಳಿದ್ರ ಬರೀಬ್ಯಾಡ, ಅದರಾಗ ಶಾಯಿ ಇಲ್ಲ" ಅಂದ.

ಜಯಂತಿ ಹಿಂದಿನ ದಿನ ಹ್ವಾದ್ವಿ. ಮುತ್ಯಾ, ದ್ರೌಪದಿ ಅತ್ತಿ ರಸ್ತೆ ಆಚಿಗಿ ಬೇವಿನಗಿಡದ ನೆಳ್ಳಾಗ ನಿಂತ್ರು, ಗುರತಿಲ್ಲದವರಂಗ. ನಾ ರಸ್ತೆ ದಾಟಿದೆ. ಮೆಟ್ಟಲಾ ಹತ್ತಿದೆ. ಮೂರ ಮೆಟ್ಟಲಾ. ಪ್ಯಾಂಟು ದೊಡ್ಡದಿತ್ತು, ಒಂದ ಕೈಲೆ ಹಿಡಕೊಂಡ ಹತ್ತಿದೆ.

"ಬರ್ರಿ ಬರ್ರಿ. ಯಾವೂರ್ರಿ?" ಅಂದ ಕಲ್ಯಾಣಪ್ಪ.

ಕನ್ನಡಕಾ ತೆಗೀಲಿಲ್ಲ. "ಊರು ಕೇಳಿ ಬಾಗಿಲು ತೆಗೆಯೋರು ಬೇರೆ, ಸದ್ದು ಕೇಳಿ ಬಾಗಿಲು ತೆಗೆಯೋರು ಬೇರೆ," ಅಂದೆ.

ಸಾಹುಕಾರ ನಕ್ಕ. "ಬೆಂಗಳೂರಾಗ ಓದಾಕತ್ತೀರೇನ್ರಿ?"

"ಯಡ್ರಾಮಿ ದೌಲತರಾಯ ಗೌಡ್ರ ತಮ್ಮನ ಮಗ."

ಇಷ್ಟ ನೋಡ್ರಿ. ಕುರ್ಚಿ ಬಂತು. ಫ್ಯಾನಿನ ಮಾರಿ ನನ್ನ ಕಡಿ ತಿರುಗಿತು. "ಶಿವಕಾಂತಾ, ಚಹಾ ತಗೊಂಡ ಬಾ" ಅಂತ ಒಳಗ ಹೆಂಡತೀನ ಕೂಗಿದ.

"ಭೋಂಗಾ ಸೆಟ್ಟು ಏನು ರೇಟು?"

"ಸೋಲಾಪುರದಾಗ ಏನ ಹೇಳ್ಯಾರ್ರಿ?"

"ಹದಿನಾಕ ನೂರು."

"ಮುಗೀತು. ಅದ ರೇಟು. ನಮ್ಮ ನಮ್ಮೊಳಗ ಏನದ?"

ಮುತ್ಯಾನ ಹಲ್ಲು ಗಿಂಜಿಸಿದ ನಾಕ ನೂರು, ನನ್ನ ಒಂದು ಸುಳ್ಳಿಗೆ ಬಿದ್ದುಹೋತು. ಖುಷಿ ಆತು. ಸಿಟ್ಟೂ ಬಂತು. ಯಾವದು ಮದ್ಲ ಬಂತು ಹೇಳಾಕ ಬರೋದಿಲ್ಲ.

ರೊಕ್ಕ ಕೊಟ್ಟೆ. ಎಣಿಸಿ ಗಲ್ಲೇದ ಪೆಟ್ಟಿಗ್ಯಾಗ ಹಾಕ್ಕೊಂಡ. ಶಿವಕಾಂತಾಬಾಯಿ ಚಹಾ ತಂದ್ರು, ಹೂವಿನ ಚಿತ್ರದ ಕಪ್ಪು, ಬಶಿ. "ತಗೋರಿ ತಮ್ಮಾ" ಅಂದ್ರು. ಅಂಥಾ ಮಾತು ಅಂಥಾವರ ಬಾಯಾಗ ನಾ ಕೇಳಿದ್ದಿಲ್ಲ.

"ಹಚ್ಚಿ ಕೇಳಸ್ಲ್ಯಾ?" ಅಂತ ಸಾಹುಕಾರನೇ ಕೇಳಿದ. ಭೋಂಗಾ ಅಂಗಡಿ ಕಟ್ಟಿ ಮ್ಯಾಲ ಇಟ್ಟು, ವೈರು ಹಾಕಿ, ಮೈಕ್ ನನ್ನ ಕೈಯಾಗ ಕೊಟ್ಟ.

"ಹಲೋ. ಹಲೋ. ಈ ದನಿ ಕೇಳಿದವರೆಲ್ಲ ಕಿವಿ ತೊಳ್ಕೊಂಡು ಬನ್ನಿ. ಇನ್ನು ಮುಂದೆ ಈ ದನಿ ನಿಲ್ಲೋದಿಲ್ಲ."

ಇಡೀ ಬಜಾರ ತಿರುಗಿ ನೋಡಿತು. ಬೇವಿನಗಿಡದ ಬುಡಕ ದ್ರೌಪದಿ ಅತ್ತಿ ಸೆರಗು ಬಾಯಿಗಿ ಇಟ್ಕೊಂಡು ನಗಾಕತ್ತಿದ್ಲು. ಮುತ್ಯಾ ನಗಲಿಲ್ಲ. ಭೋಂಗಾನ ನೋಡಾಕತ್ತಿದ್ದ, ಹುಟ್ಟಿದ ಕೂಸಿನ ನೋಡ್ದಂಗ.

ಸೆಟ್ಟು ಪ್ಯಾಕ ಮಾಡಾಕ ಸಾಹುಕಾರ ಡಬ್ಬಿ ಹುಡಕಾಕತ್ತ. ನಾ ಚಹಾ ಮುಗಿಸಿದೆ. ಎದ್ದೆ. ಬಾಗಿಲ ಬಾಜೂಕ ಕೊಡ ಇತ್ತು. ಕಪ್ಪು ಬಶಿ ತಗೊಂಡು ಅಲ್ಲಿ ಕುಕ್ಕರಗಾಲಿಲೆ ಕುಂತೆ. ತೊಳದೆ. ಹೊರಗ ಕಟ್ಟಿ ತುದಿಗೆ ಬೋರಲ ಇಟ್ಟೆ.

ಊರ ಹೋಟೆಲಿನ್ಯಾಗ ನಮ್ಮ ಕಪ್ಪು ಬ್ಯಾರೆ ಇರ್ತಾವ್ರಿ. ಕುಡದು, ನಾವ ತೊಳದು, ಹೊರಗ ಬೋರಲ ಇಟ್ಟು ಬರಬೇಕು. ಸಣ್ಣಾಂವ ಇದ್ದಾಗಿಂದ ಹಂಗ. ಚಹಾ ಮುಗೀತಂದ್ರ ನನ್ನ ಕೈಗೆ ಯಾರೂ ಹೇಳಬೇಕಾಗಿಲ್ಲ.

ಎದ್ದು ತಿರುಗಿದೆ. ಕಲ್ಯಾಣಪ್ಪ ಆ ಬೋರಲ ಕಪ್ಪಿನ ನೋಡಾಕತ್ತಿದ್ದ.

"ನಮ್ಮ ಅಂಗಡಿಗಿ ಭಾಳ ಗೌಡ್ರು ಬಂದಾರ," ಅಂದ, ಸಾವಕಾಶ. "ಕಪ್ಪು ತೊಳದಿಟ್ಟ ಗೌಡನ್ನ ನಾ ನೋಡಿಲ್ಲ. ಯಾರಲೇ ನೀ?"

ಈಗ ಕೇಳ್ರಿ ನನ್ನ ಡೈಲಾಗ. ಕನ್ನಡಕಾ ತೆಗದು ಒಗದೆ. "ಕಲ್ಯಾಣಪ್ಪ, ನಿನ್ನ ಕಪ್ಪು ತೊಳೆದೆ ಅಂತ ನಗಬೇಡ. ಒಂದು ದಿನ ನಿನ್ನ ಕೈಲಿ ನಮ್ಮ ಕೇರಿ ಕಪ್ಪು ತೊಳಸ್ತೀನಿ," ಅಂದೆ. ಸಾಹುಕಾರ ಬೆವತ. ನಾ ಭೋಂಗಾ ಹೆಗಲ ಮ್ಯಾಲ ಇಟ್ಕೊಂಡು ಮೆಟ್ಟಲಾ ಇಳದೆ. ಬಜಾರದ ಮಂದಿ ಸೀಟಿ ಹೊಡದ್ರು.

ಹಂಗಾದ್ರ ಆ ಭೋಂಗಾ ಎಲ್ಲದ ಅಂತೀರೇನು?

ಸಾಹುಕಾರನ ಹಂತ್ಯಾಕ ಅದ. ಮದುವಿಗಿ ಬಾಡಿಗಿಗೆ ಹೋಗತದ. ಮೊನ್ನಿ ನಮ್ಮೂರ ಗೌಡ್ರ ಮನಿ ಮದುವ್ಯಾಗ ಎರಡ ದಿನ ಒದರತು.

ನಾ ಒಂದ ಡೈಲಾಗೂ ಹೊಡೀಲಿಲ್ರಿ. ಕಲ್ಯಾಣಪ್ಪ ಬೈಯಲಿಲ್ಲ, ಹೊಡೀಲಿಲ್ಲ. "ನಿನ್ನ ಬಾಯಿ ಹತ್ತಿದ ಮೈಕ್ ಇನ್ಯಾರು ತಗೋತಾರ? ನಾಕ ನೂರು ತಂದು ಸೆಟ್ಟು ಒಯ್ರಿ. ಇಲ್ಲಂದ್ರ ಗೌಡ್ರ ಹೆಸರು ಹೇಳಿ ಮೋಸ ಮಾಡಿದಿ ಅಂತ ಫೌಜದಾರಗ ಹೇಳ್ತೇನಿ," ಅಂದ. ಕೊಟ್ಟ ರೊಕ್ಕ ಗಲ್ಲೇದಾಗ ಇತ್ತು. ತಿರುಗಿ ಕೊಡೋ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ದ್ರೌಪದಿ ಅತ್ತಿ ಆಡಿದ್ಲು. ರಸ್ತೆ ದಾಟಿ ಓಡಿ ಬಂದು, "ನಮ್ಮ ರೊಕ್ಕ ಕೊಡು, ಅದು ನಮ್ಮ ಕೂಲಿ" ಅಂತ ಒದರಿದ್ಲು. ಬಜಾರದ ಗದ್ದಲದಾಗ ಅಕೀ ದನಿ ನಾಕ ಅಂಗಡಿ ದಾಟಲಿಲ್ಲ. ಪೀರಪ್ಪ ಮುತ್ಯಾ ಕೆಳಗ ನಿಂತು, "ಹುಡುಗ ಸಣ್ಣಾಂವ್ರಿ, ಹೊಟ್ಟ್ಯಾಗ ಹಾಕೋರಿ" ಅಂತ ನೆಲ ಮುಟ್ಟಿ ಕೈ ಮುಗಿಯಾಕತ್ತಿದ್ದ.

ಶಿವಕಾಂತಾಬಾಯಿ ಹೊರಗ ಬಂದ್ರು. ಕಪ್ಪು ಬಶಿ ಸೆರಗಿಲೆ ಹಿಡದು ಎತ್ತಿ ರಸ್ತೆಕ ಒಗದ್ರು. ಚೂರಚೂರ ಆತು.

ನಾ ಏನು ಮಾಡಿದೆ ಗೊತ್ತೇನ್ರಿ? ವಕೀಲರ ಸಫಾರ್ಯಾಗ, ಆ ರಸ್ತೆದಾಗ, ಮಂದಿ ನೋಡಾಕತ್ತಿದ್ರೂ, ಕುಕ್ಕರಗಾಲಿಲೆ ಕುಂತು ಒಂದೊಂದ ಚೂರು ಆರಸಿದೆ. ಯಾರೂ ಆರಸು ಅಂದಿದ್ದಿಲ್ಲ.