ಸೀಮೆಸುಣ್ಣದ ಗೆರೆ

ಹಳೇ ಬಣ್ಣ ಉಜ್ಜಿ ತೆಗೆದ ಪಿಸ್ತೂಲಿನ ನಳಿಗೆಗೆ ಬಂಡೆಪ್ಪ ಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಬಂದು ಸುಣ್ಣದ ಮೇಲೆ ಗೆರೆ ಎಳೆಯುತ್ತದೆ. ಇವತ್ತೊಂದು ದಿನ ಗೆರೆ ಮೂಡದಿರಲಿ ಎಂದು ಬೇಡಿಕೊಂಡ. ಮೂಡಿತು, ಗುಂಡು ಕೂರುವ ಜಾಗದಿಂದ ಬೆರಳುದ್ದ. ಯಾರೋ ಪುಣ್ಯಾತ್ಮ ಮೇಲೆ ಬೆಸುಗೆ ತುಂಬಿ ಬಣ್ಣ ಬಳಿದಿದ್ದ.

ಪಿಸ್ತೂಲು ನಾರಾಯಣಗೂಡದ ಸುಮಂಗಲಾ ಅವರದು. ಗಂಡ ಭೀಮಾಶಂಕರ ತೀರಿಕೊಂಡ ಮೇಲೆ ಲೈಸೆನ್ಸ್ ಅವರ ಹೆಸರಿಗಾಗಿತ್ತು. ಗಂಡನ ಹಾಗೆಯೇ ಆಯುಧಪೂಜೆಯ ದಿನ ಬೀದರ್ ಕಡೆಯ ಹೊಲದಲ್ಲಿ ತಾವೂ ಒಂದು ಗುಂಡು ಹಾರಿಸಬೇಕೆಂಬ ಆಸೆ ಅವರದು. ಅದಕ್ಕೆ ಹೊಸ ನೀಲಿ ಬಣ್ಣ ಏರಿಸುವ ನಾಲ್ಕು ದಿನದ ಕೆಲಸವನ್ನು ಬಂಡೆಪ್ಪ ಮೂರು ವಾರ ಎಳೆದಿದ್ದ. ಒಮ್ಮೆ ಆಸಿಡ್ ಬಂದಿಲ್ಲ ಎಂದ, ಒಮ್ಮೆ ಮೋಡ ಕವಿದಿದೆ ಎಂದ. ಕಬ್ಬಿಣಕ್ಕೂ ಮೋಡಕ್ಕೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ. ಕೋಠಿಯ ಅವನ ಬಂದೂಕು ರಿಪೇರಿ ಅಂಗಡಿಗೆ ಬಂದು ಕೂತು ಕನ್ನಡದಲ್ಲಿ ಊರ ಮಾತು ಆಡಿ ಹೋಗುತ್ತಿದ್ದರು. ಹೆಂಡತಿ ಸೂಗಮ್ಮ ತೀರಿಹೋದ ಮೇಲೆ ಈ ಪರಊರಲ್ಲಿ ಬಂಡೆಪ್ಪನ ಬಾಯಲ್ಲಿ ಕನ್ನಡಕ್ಕೆ ಕೆಲಸವೇ ಇರಲಿಲ್ಲ. ಪ್ರತಿ ದಸರಾಕ್ಕೂ ಪಿಸ್ತೂಲನ್ನು ಇಲ್ಲಿಗೇ ತರುತ್ತೇನೆಂದು ಅವರು ಬೇರೆ ಹೇಳಿದ್ದರು.

ಬಣ್ಣ ಏರಿಸಿದರೆ ಬಿರುಕು ಯಾರಿಗೂ ಕಾಣದು. ನೀಲಿ ಬಣ್ಣದ ಡಬ್ಬಿಯ ಮುಚ್ಚಳ ತೆಗೆದ, ಮತ್ತೆ ಮುಚ್ಚಿದ.

ಸಂಜೆ ಸುಮಂಗಲಾ ಬಂದಾಗ ಸುಣ್ಣ ಹಚ್ಚಿದ ನಳಿಗೆಯನ್ನೇ ಮುಂದಿಟ್ಟ. "ಇದು ಒಡದೈತ್ರೀ ಬಾಯಾರ. ಹಾರ್ಸಿದ್ರ ಕೈಯಾಗ ಸಿಡೀತೈತಿ."

"ಅವ್ರು ವರ್ಷಾ ಹಾರಸ್ತಿದ್ರಲ್ರೀ!"

"ದೇವ್ರು ದೊಡ್ಡಾವ."

"ರಿಪೇರಿ?"

"ಆಗೂದಿಲ್ರೀ. ಸುಳ್ಳ ಹೇಳಿದ್ರ ಇಷ್ಟ ದಿನದ ಮಾತೆಲ್ಲಾ ಸುಳ್ಳ ಆಗ್ತೈತಿ."

ಅವರು ಗೆರೆಯ ಮೇಲೆ ಬೆರಳಾಡಿಸಿದರು. ಗಂಡನ ಕೈ ನೆನಪಾಗಿ ಕಣ್ಣು ತುಂಬಿತು. "ಪೊಲೀಸ್ ಸ್ಟೇಶನ್‌ನ್ಯಾಗ ಕೊಟ್ಟಬಿಡ್ತೀನ್ರಿ, ಬಂಡೆಪ್ಪನವರ," ಎಂದು ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ಬಾಗಿಲಲ್ಲಿ ಒಮ್ಮೆ ನಿಂತರು. "ಬರ್ತೀನ್ರಿ," ಎಂದರು. ಬರಲು ಇನ್ನು ಕೆಲಸವೇನೂ ಉಳಿದಿರಲಿಲ್ಲ.

ಪಕ್ಕದ ಇರಾನಿ ಹೋಟೆಲಿನವನು ದಿನದಂತೆ ಎರಡು ಚಹಾ ತಂದಿಟ್ಟು, ಖಾಲಿ ಕುರ್ಚಿ ನೋಡಿ, "ಮೇಡಮ್ ಚಲೇ ಗಯೇ ಕ್ಯಾ?" ಎಂದ.

"ಹೂಂನಪಾ, ಹೋದ್ರು. ಭಾಳ ಚೊಲೋ ಮಾತಾಡ್ತಿದ್ರು," ಎಂದ ಬಂಡೆಪ್ಪ.

ಕನ್ನಡದ ಒಂದಕ್ಷರವೂ ತಿಳಿಯದ ಹೋಟೆಲಿನವನು ಕೇಳುತ್ತ ನಿಂತೇ ಇದ್ದ.