ಹತ್ತೊಂಬತ್ತು ತೋಟಾ

ಬಂದೂಕಿನ ತೋಟಾಗಳಿಗೆ ತುಂಬುವ ಮದ್ದಿನ ಬಟ್ಟಲನ್ನು ಒರೆಸುತ್ತಿದ್ದ ಹಾರ್ಲನ್‌ನ ಕೈ ಅಲ್ಲೇ ನಿಂತಿತು.

ಬಟ್ಟಲಲ್ಲಿ ಒಂದು ಕಾಳು ಮದ್ದೂ ಇರಲಿಲ್ಲ. ಇರಬಾರದು ಕೂಡ. ಇಪ್ಪತ್ತು ತೋಟಾಕ್ಕೆ ಬೇಕಾದಷ್ಟೇ ಮದ್ದನ್ನು ಮೊದಲೇ ತೂಗಿ ಬಟ್ಟಲಿಗೆ ಹಾಕಿಕೊಳ್ಳುವುದು, ಇಪ್ಪತ್ತನೆಯದು ತುಂಬಿದಾಗ ಬಟ್ಟಲು ಬರಿದಾಗುವುದು, ಇದು ಅವನ ನಲವತ್ತು ವರ್ಷದ ಕ್ರಮ. ಆದರೆ ನಿನ್ನೆ ಮಧ್ಯಾಹ್ನ ಬಟ್ಟಲು ಹತ್ತೊಂಬತ್ತಕ್ಕೇ ಬರಿದಾಗಿತ್ತು. ಇಪ್ಪತ್ತನೆಯದಕ್ಕೆ ಅವನು ಡಬ್ಬಿಯ ಮುಚ್ಚಳ ತೆಗೆದು ಇನ್ನೊಂದು ಚಮಚ ಹಾಕಿದ್ದ. ತೂಗುವಾಗಲೇ ಎಲ್ಲೋ ತಪ್ಪಿರಬೇಕು ಎಂದುಕೊಂಡು ಸೀಟಿ ಹೊಡೆಯುತ್ತಾ ಗುಂಡು ಕೂರಿಸಿದ್ದ. ಸೀಟಿ ಬೇರೆ!

ಈಗ ಶನಿವಾರ ಬೆಳಗಿನ ಒಂಬತ್ತೂವರೆ.

"ನೆಟ್ಟಿ!" ಎಂದು ಕೂಗಿದ. "ನೆಟ್ಟೀ! ನಿನ್ನೆ ನೀನು ನನ್ನನ್ನ ಕರೆದಾಗ ಎಷ್ಟೊತ್ತು?"

ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು. "ಎಷ್ಟೊತ್ತು ಅಂದ್ರೆ? ಪಕ್ಕದವರ ಹೋರಿ ನನ್ನ ಕೋಸಿನ ಪಾತಿಗೆ ನುಗ್ಗಿದ ಹೊತ್ತು. ನಾಲ್ಕು ಸಲ ಕೂಗಿದ್ಮೇಲೆ ಎದ್ದು ಬಂದೆ ನೀನು."

ಸರಿಯೇ. ಹೋರಿಯನ್ನು ಓಡಿಸಿ, ಬೇಲಿಯ ತಂತಿ ಬಿಗಿದು, ಪಕ್ಕದವನ ಜೊತೆ ಹತ್ತು ನಿಮಿಷ ಹವಾಮಾನ ಮಾತಾಡಿ ಗ್ಯಾರೇಜಿಗೆ ಬಂದು ಕೂತಿದ್ದ. ತೂತುಗಳ ಮರದ ಹಲಗೆಯಲ್ಲಿ ತೋಟಾಗಳ ಇಪ್ಪತ್ತು ಹಿತ್ತಾಳೆ ಕೊಳವೆಗಳು ಬಾಯಿ ತೆರೆದು ನಿಂತಿದ್ದವು. ಏಳಕ್ಕೆ ಮದ್ದು ಹಾಕಿ ಎದ್ದಿದ್ದನೋ ಎಂಟಕ್ಕೋ? ಎಂಟನೆಯದರಿಂದ ಶುರುಮಾಡಿದ್ದು ನೆನಪಿದೆ. ಎಂಟನೆಯದಕ್ಕೂ ಆಗಲೇ ಹಾಕಿಬಿಟ್ಟಿದ್ದರೆ?

ಗುಂಡು ಕೂರಿಸುವ ಮುಂಚೆ ಟಾರ್ಚಿನ ಬೆಳಕು ಬಿಟ್ಟು ಪ್ರತಿಯೊಂದರ ಒಳಗೂ ಇಣುಕಬೇಕು. ನಿನ್ನೆ ಟಾರ್ಚಿನ ಸೆಲ್ಲು ಸತ್ತಿತ್ತು. ಹಲಗೆಯನ್ನು ಕಿಟಕಿಯತ್ತ ವಾಲಿಸಿ ನೋಡಿದ್ದ. ಎಲ್ಲದರ ತಳದಲ್ಲೂ ಕಪ್ಪು ಕಂಡಿತ್ತು, ಸಾಕು ಅಂದುಕೊಂಡಿದ್ದ.

ಆ ಕಣಿವೆಯಲ್ಲಿ ಹಾರ್ಲನ್ ತುಂಬಿದ ತೋಟಾ ಎಂದರೆ ಕಣ್ಣು ಮುಚ್ಚಿಕೊಂಡು ಹಾರಿಸಬಹುದು ಎಂಬ ಮಾತಿತ್ತು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು? ಲಿವರ್ ಎಳೆದು ಹಾರಿಸುವ ಮಗಳ ಆ ದಪ್ಪ ಬಾಯಿಯ ರೈಫಲ್ಲಿಗೆ ಅವನು ಲೆಕ್ಕವಿಲ್ಲದಷ್ಟು ತೋಟಾ ತುಂಬಿದ್ದ. ಅವೆಲ್ಲ ಕಂಠಮಟ್ಟ ಮದ್ದಿನವು. ಒಂದಕ್ಕೆ ಎರಡು ಸಲ ಹಾಕಹೊರಟರೆ ಮದ್ದು ಹೊರಗೆ ಚೆಲ್ಲಿ ತಾನೇ ಚಾಡಿ ಹೇಳುತ್ತಿತ್ತು. ಈ ವರ್ಷ ಮಾತ್ರ ಬೇರೆ. ಮಗಳು ಮಾರ್ನಿ ಆಗಸ್ಟಿನಲ್ಲಿ ಕುದುರೆಯಿಂದ ಬಿದ್ದು ಹೆಗಲಿನ ಎಲುಬು ಬಿರುಕು ಬಿಡಿಸಿಕೊಂಡಿದ್ದಳು. ರೈಫಲ್ ಹಿಂದಕ್ಕೆ ಒದೆಯುವ ಪೆಟ್ಟನ್ನು ಆ ಹೆಗಲು ತಾಳುವುದಿಲ್ಲವೆಂದು ಅವನೇ ಯೋಚನೆ ಮಾಡಿ, ಬೇಗ ಉರಿಯುವ ಬೇರೆ ಮದ್ದನ್ನು ಚಿಟಿಕೆಯಷ್ಟು ಹಾಕಿ ಹಗುರದ ತೋಟಾ ಮಾಡಿಕೊಟ್ಟಿದ್ದ. ಮುತ್ತಜ್ಜರ ಕಾಲದ ಅಳತೆಯ ಕೊಳವೆ ಅದು, ಬಾವಿಯಂಥದ್ದು. ಆ ಮದ್ದು ಒಂದು ಚಮಚ ಹಾಕಿದರೂ ತಳದಲ್ಲಿ ಕಪ್ಪು, ಎರಡು ಹಾಕಿದರೂ ತಳದಲ್ಲಿ ಕಪ್ಪು. ಎರಡು ಚಮಚದ್ದು ಹಾರಿದರೆ ರೈಫಲ್ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತದೆ. ಮಗಳ ಹೆಗಲು ಉಳಿಸಲು ಹೋಗಿ ಅವಳ ಕಣ್ಣಿಗೇ ಕುತ್ತು ತಂದಿಟ್ಟೆನಲ್ಲ ದೇವರೇ ಎಂದು ಹಾರ್ಲನ್ ಬೆಂಚಿನ ಅಂಚು ಹಿಡಿದು ನಿಂತ.

ಮಾರ್ನಿ ಹೇಸರಗತ್ತೆಯನ್ನು ಗಾಡಿಯ ಹಿಂದಿನ ಟ್ರೈಲರಿಗೆ ಹತ್ತಿಸಿಕೊಂಡು ಕತ್ತಲಿರುವಾಗಲೇ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗಿದ್ದಳು. ಅವಳು ಹೋದ ವಿಲೋ ಹೊಳೆಯ ಮೇಲ್ಭಾಗದಲ್ಲಿ ಫೋನ್ ಸಿಗುವುದಿಲ್ಲ.

ಹಾರ್ಲನ್ ನೆಟ್ಟಿಗೆ ಎಲ್ಲವನ್ನೂ ಹೇಳಿದ. ಅವಳು ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಎಸೆದು ಪಿಕಪ್ಪಿನ ಬೀಗದ ಕೈ ಎತ್ತಿಕೊಂಡಳು. "ನಾನು ಓಡಿಸ್ತೀನಿ. ನೀನು ಬೇಕಾದ್ದು ಎತ್ಕೋ."

ಹಾರ್ಲನ್ ಬೆಂಚಿನ ಮೇಲಿದ್ದ ಗುಂಡು ಕೀಳುವ ಸುತ್ತಿಗೆಯನ್ನೂ ಅಳತೆಯ ಚಮಚವನ್ನೂ ಕಳೆದ ವರ್ಷದ ಕಂಠಮಟ್ಟದ ತೋಟಾಗಳ ಪೆಟ್ಟಿಗೆಯನ್ನೂ ಕೋಟಿನ ಜೇಬುಗಳಿಗೆ ತುರುಕಿಕೊಂಡ.

ದಾರಿಯುದ್ದಕ್ಕೂ ಜಲ್ಲಿ ಕಲ್ಲು ಪಿಕಪ್ಪಿನ ಹೊಟ್ಟೆಗೆ ಬಡಿಯುತ್ತಿತ್ತು. ನೆಟ್ಟಿ ಅಷ್ಟು ಜೋರಾಗಿ ಓಡಿಸಿದ್ದನ್ನು ಅವನು ಕಂಡಿರಲಿಲ್ಲ.

"ನಾನು ಕರೆದಿದ್ದಕ್ಕೇ ಹಿಂಗಾಯ್ತು ಅಂತೀಯಾ?" ಎಂದಳು.

"ಇಲ್ಲ ಮಾರಾಯ್ತಿ. ಹೋರಿ ಬರುತ್ತೆ, ಫೋನ್ ಬರುತ್ತೆ, ಏನೋ ಒಂದು ಬರುತ್ತೆ. ಎದ್ದು ಹೋದ್ರೆ ಬಂದು ಎಲ್ಲಾನೂ ಸುರಿದು ಮೊದಲಿಂದ ಶುರುಮಾಡ್ಬೇಕು. ಬೇರೆಯವರಿಗೆ ನಾನೇ ಹೇಳಿಕೊಡ್ತೀನಿ ಅದನ್ನ."

"ಮತ್ತೆ ಯಾಕೆ ಮಾಡ್ಲಿಲ್ಲ?"

"ಹಾರ್ಲನ್ ಅಲ್ವಾ ನಾನು," ಎಂದ ಅವನು ತನ್ನ ಮೇಲೆ ತಾನೇ ಉಗಿದುಕೊಳ್ಳುವ ಹಾಗೆ.

ರಸ್ತೆ ಮುಗಿಯುವಲ್ಲಿ ಮಾರ್ನಿಯ ಗಾಡಿಯೂ ಖಾಲಿ ಟ್ರೈಲರೂ ನಿಂತಿದ್ದವು. ನೆಟ್ಟಿ ಗಾಡಿಯಲ್ಲೇ ಉಳಿದಳು. ಏನಾದರೂ ಆಗಿದ್ದರೆ ಫೋನ್ ಸಿಗುವಲ್ಲಿಗೆ ಓಡಬೇಕಾದವಳು ಅವಳೇ. ಹಾರ್ಲನ್ ಹೇಸರಗತ್ತೆಯ ಗೊರಸಿನ ಗುರುತು ಹಿಡಿದು ಹೊರಟ. ಮಂಡಿ ಚಿಪ್ಪು ಒಂದೊಂದು ಹೆಜ್ಜೆಗೂ ಬೈಯುತ್ತಿತ್ತು. ಬೈಕೊಳ್ಳಲಿ ಎಂದು ಬಿಟ್ಟ. ಮುಕ್ಕಾಲು ಗಂಟೆ ನಡೆದಿರಬೇಕು, ಎರಡನೇ ಸಲ ಹೊಳೆ ದಾಟಿ ದಡ ಹತ್ತುತ್ತಿದ್ದಾಗ ಮೇಲಿನಿಂದ ಸದ್ದು ಕೇಳಿತು.

ಒಂದೇ ಒಂದು ಢಂ.

ಅವನು ಇದ್ದಲ್ಲೇ ನಿಂತ. ಆ ಸದ್ದು ಹಗುರದ ತೋಟಾದ್ದೋ ಎರಡು ಚಮಚದ್ದೋ? ಬೆಟ್ಟ ಅದನ್ನು ಆ ಕಡೆ ಈ ಕಡೆ ಎಸೆದಾಡಿ ಗುರುತು ಸಿಗದ ಹಾಗೆ ಮಾಡಿತ್ತು. ಇನ್ನೊಂದು ಸದ್ದು ಬಂದರೆ ರೈಫಲ್ ಇಡಿಯಾಗಿದೆ, ಹಿಡಿದವಳೂ ಇಡಿಯಾಗಿದ್ದಾಳೆ ಎಂದಾದರೂ ಗೊತ್ತಾಗುತ್ತಿತ್ತು. ಇನ್ನೊಂದು ಹಾರಿಸು ಮಗಳೇ ಎಂದು ಬೇಡಿಕೊಂಡ. ಮರುಕ್ಷಣವೇ, ಬೇಡ, ಬೇಡ, ಆ ಇನ್ನೊಂದೇ ಅದಾಗಿದ್ದರೆ ಎಂದು ನಾಲಗೆ ಕಚ್ಚಿಕೊಂಡ. ಎರಡನೆಯ ಸದ್ದು ಬರಲಿಲ್ಲ. ಕೂಗಿದ. ಹೊಳೆಯ ಮೊರೆತದಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ.

ಆಮೇಲಿನ ಏರನ್ನು ಹೇಗೆ ಹತ್ತಿದನೋ ಅವನಿಗೆ ನೆನಪಿಲ್ಲ. ಎರಡು ಕಡೆ ಬಿದ್ದ, ಒಂದು ಕಡೆ ತೆವಳಿದ. ಪೈನ್ ಮರಗಳ ಸಾಲು ಮುಗಿದು ಬಯಲು ಕಾಣುವಷ್ಟರಲ್ಲಿ ಒಂದು ದನಿ ಕೇಳಿಸಿತು.

"ನಿಂತ್ಕೊಳ್ಳೇ, ನಿನ್ ಮನೆ ಹಾಳಾಗ! ಸತ್ತು ಬಿದ್ದಿರೋ ಎಲ್ಕ್ ಕಂಡ್ರೂ ಹೆದರ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ? ಅದೇನು ಎದ್ದು ಬಂದು ಕಚ್ಚುತ್ತಾ?"

ಹಾರ್ಲನ್ ಅಲ್ಲೇ ಹಿಮದ ಮೇಲೆ ಕುಸಿದು ಕೂತ. ಹೋದ ಜೀವ ಬಂತು ಅನ್ನುತ್ತಾರಲ್ಲ, ಹಾಗೆಯೇ ಬಂತು ಅದು, ಕಾಲಿನಿಂದ ಮೇಲಕ್ಕೆ. ಮಗಳು ಹೇಸರಗತ್ತೆಯ ಹಗ್ಗ ಹಿಡಿದು ಜಗ್ಗಾಡುತ್ತಿದ್ದಳು. ಎರಡು ಕೈ, ಎರಡು ಕಣ್ಣು, ಬಾಯಿಯಂತೂ ಭರ್ಜರಿಯಾಗಿಯೇ ಇತ್ತು.

"ಅಪ್ಪಾ?" ಅವಳು ಹಗ್ಗ ಬಿಟ್ಟು ಓಡಿ ಬಂದಳು. "ಏನಾಯ್ತು? ಅಮ್ಮ..."

"ಅಮ್ಮ ಚೆನ್ನಾಗಿದ್ದಾಳೆ. ರೈಫಲ್ ಎಲ್ಲಿ?"

"ಅಲ್ಲಿ, ಮರಕ್ಕೆ ಒರಗಿಸಿದೀನಿ. ಒಂದೇ ಗುಂಡು ನೋಡು, ನಿಂತಲ್ಲೇ ಮಲಗಿಬಿಡ್ತು. ಹೆಗಲು ಒಂಚೂರೂ ನೋಯ್ಲಿಲ್ಲ. ನಿನ್ನ ತೋಟಾ ಅಂದ್ರೆ..."

"ಹೊಗಳ್ಬೇಡ," ಎಂದ ಹಾರ್ಲನ್. "ಮೊದ್ಲು ಅದನ್ನ ಖಾಲಿ ಮಾಡು. ನಿಧಾನಕ್ಕೆ."

ಅವನು ಹೇಳಿದ. ಬಟ್ಟಲು, ಹೋರಿ, ಸತ್ತ ಟಾರ್ಚು, ಒಂದನ್ನೂ ಬಿಡದೆ ಹೇಳಿದ. ಮಾರ್ನಿ ಮೊದಲು ನಕ್ಕಳು, ನೀನು ಎಣಿಕೆ ತಪ್ಪೋದಾ ಎಂದು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. ಲಿವರ್ ಎಳೆದಳು. ಒಂದು ತೋಟಾ ಹಿಮದ ಮೇಲೆ ಬಿತ್ತು. ಇನ್ನೊಂದು, ಮತ್ತೊಂದು. ಹಾರಿಸಿದ ಮೇಲೆ ಅಭ್ಯಾಸದಂತೆ ಲಿವರ್ ಎಳೆದು ಇನ್ನೊಂದನ್ನು ಒಳಗೆ ಕಳಿಸಿಟ್ಟಿದ್ದಳು. ನಡುಪಟ್ಟಿಯಲ್ಲಿ ಹದಿನಾರಿದ್ದವು. ಎಲ್ಲ ಸೇರಿ ಹತ್ತೊಂಬತ್ತು.

ಹಾರ್ಲನ್ ಜೇಬಿನಿಂದ ಕಳೆದ ವರ್ಷದ ಪೆಟ್ಟಿಗೆ ತೆಗೆದು ಕೊಟ್ಟ. "ಇದನ್ನ ತುಂಬ್ಕೋ. ಗುಂಡಿನ ಸದ್ದು ಕೇಳಿ ಕರಡಿ ಊಟಕ್ಕೆ ಬಂದ್ರೆ ಬರೀಗೈಲಿ ಇರ್ಬಾರ್ದು. ಹೆಗಲು ನೋಯುತ್ತೆ, ನೋಯ್ಲಿ."

ಅಪ್ಪ ಮಗಳು ಒಂದು ಚಪ್ಪಟೆ ಬಂಡೆಯ ಎರಡು ಬದಿಗೆ ಕೂತರು. ಸುತ್ತಿಗೆಯ ಟೊಳ್ಳು ತಲೆಯೊಳಗೆ ತೋಟಾ ಸಿಕ್ಕಿಸಿ ಬಂಡೆಗೆ ಕುಟ್ಟಿದರೆ ಗುಂಡೂ ಮದ್ದೂ ಕಳಚಿ ಸುತ್ತಿಗೆಯ ಹೊಟ್ಟೆಗೆ ಬೀಳುತ್ತವೆ. ಗುಂಡಿನ ಸುತ್ತ ಹಾರ್ಲನ್ ಬಿಗಿ ಮಾಡಿದ ಕೊಳವೆಯ ಬಾಯಿ ಮೂರು ನಾಲ್ಕು ಪೆಟ್ಟು ಬೀಳುವ ಮೊದಲು ಜಗ್ಗುವುದಿಲ್ಲ. ಅವನು ಕುಟ್ಟಿದ. ಮಾರ್ನಿ ಮದ್ದನ್ನು ಚಮಚಕ್ಕೆ ಸುರಿದು ನೋಡಿದಳು. ಚಮಚ ತುಂಬಿತು, ಸಮ.

"ಸರಿ ಇದೆ," ಎಂದಳು, ಮದ್ದನ್ನು ಬಂಡೆಯ ಮೇಲೆ ಸುರಿದಳು.

ಎರಡನೆಯದು ಸರಿ. ಐದನೆಯದು ಸರಿ. ಒಂಬತ್ತನೆಯದಾದ ಮೇಲೆ ಅವಳು, "ಅಪ್ಪ, ನೀನು ಸುಮ್ನೆ ಭ್ರಮೆ ಪಟ್ಕೊಂಡಿದೀಯ. ತೂಗೋವಾಗ್ಲೇ ಏನೋ ಹೆಚ್ಚುಕಮ್ಮಿ ಆಗಿರುತ್ತೆ," ಎಂದಳು. ಅವನೂ ಹಾಗೆ ನಂಬಲು ಎಷ್ಟು ಹಂಬಲಿಸಿದನೆಂದರೆ ಸುತ್ತಿಗೆ ಕೆಳಗಿಡಲು ಕೈ ಬಂದಿತ್ತು. ಇಡಲಿಲ್ಲ. ಹತ್ತು. ಹನ್ನೊಂದು. ಹದಿನಾಲ್ಕನೆಯದನ್ನು ಮಾರ್ನಿ ಚಮಚಕ್ಕೆ ಸುರಿಯುತ್ತಿದ್ದಾಗ ಚಮಚ ತುಂಬಿತು, ಮದ್ದು ನಿಲ್ಲಲಿಲ್ಲ. ಅಂಚು ಮೀರಿ ಅವಳ ಬೆರಳ ಮೇಲೆ, ಬೆರಳ ಸಂದಿನಿಂದ ಬಂಡೆಯ ಮೇಲೆ, ಪುಟ್ಟ ಕಪ್ಪು ಕಾಳುಗಳು ಸುರಿಯುತ್ತಲೇ ಹೋದವು.

ಇಬ್ಬರೂ ನೋಡಿದರು.

"ಇದು ರೈಫಲ್ ಒಳಗಿದ್ದದ್ದಾ, ಪಟ್ಟಿಯಲ್ಲಿದ್ದದ್ದಾ?" ಎಂದು ಕೇಳಿದ ಹಾರ್ಲನ್.

"ಎಲ್ಲಾ ಒಟ್ಟಿಗೆ ಹಾಕಿದ್ವಲ್ಲ. ಗೊತ್ತಿಲ್ಲ." ಬೆರಳ ಮೇಲಿನ ಕಾಳು ಕೊಡವಿ ಅವಳು, "ಗೊತ್ತಾಗೋದೂ ಬೇಡ," ಎಂದಳು.

ಅವನಿಗೆ ಅಳು ಬಂತು. ಮಗಳ ಮದುವೆಯಲ್ಲೂ ಅಳದಿದ್ದ ಮನುಷ್ಯ ಸುತ್ತಿಗೆ ಹಿಡಿದುಕೊಂಡೇ ಅತ್ತ, ಮೂಗು ಬಾಯಿ ಒಂದು ಮಾಡಿಕೊಂಡು. ದುಃಖದ ಅಳುವಲ್ಲ ಅದು. ಅವಳ ಎರಡು ಕಣ್ಣೂ ಎದುರಿಗೆ ಪಿಳಿಪಿಳಿ ಎನ್ನುತ್ತಿದ್ದವಲ್ಲ, ಅದಕ್ಕೆ. ಮಾರ್ನಿ ಥರ್ಮಾಸಿನಿಂದ ಕಾಫಿ ಬಗ್ಗಿಸಿ ಮುಂದೆ ಹಿಡಿದಳು. ಅವನು ಕುಡಿದು, ತೋಳಿನಲ್ಲಿ ಮುಖ ಒರೆಸಿಕೊಂಡು ಹದಿನೈದನೆಯ ತೋಟಾ ಕೈಗೆತ್ತಿಕೊಂಡ.

"ಸಿಕ್ತಲ್ಲಪ್ಪ. ಇನ್ಯಾಕೆ?"

"ಒಂದೇ ಅಂತ ಯಾರು ಹೇಳಿದ್ರು? ಹಾರ್ಲನ್ ಹೇಳಿದ್ನಾ? ಅವನ ಮಾತು ನಂಬ್ಬೇಡ."

ಅವಳು ಈ ಸಲ ನಿಜವಾಗಿ ನಕ್ಕಳು. ಉಳಿದ ಐದನ್ನೂ ಕುಟ್ಟಿದರು. ಐದೂ ಸರಿಯಿದ್ದವು.

"ಊರಲ್ಲಿ ಯಾರಿಗೂ ಹೇಳಲ್ಲ ನಾನು," ಎಂದಳು ಮಾರ್ನಿ, ಖಾಲಿ ಕೊಳವೆಗಳನ್ನು ಚೀಲಕ್ಕೆ ಹಾಕುತ್ತಾ.

"ನಾನು ಹೇಳ್ತೀನಿ. ಟಾರ್ಚ್ ಇಲ್ದೆ ಗುಂಡು ಕೂರಿಸ್ಬೇಡಿ ಅಂತ ಹೇಳೋವಾಗ ಇದನ್ನೂ ಸೇರಿಸಿ ಹೇಳ್ತೀನಿ." ಮಾತು ಬಾಯಿಂದ ಹೊರಬಿದ್ದಾಗ ಅದು ತಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲವೆಂದು ಅವನಿಗೇ ಆಶ್ಚರ್ಯವಾಯಿತು. "ಮುಂದಿನ ಸಲ ನೀನು ಬಂದು ಪಕ್ಕದಲ್ಲಿ ಕೂತ್ಕೋ. ನಾನು ಹಾಕ್ತೀನಿ, ನೀನು ಇಣುಕು."

"ಅಮ್ಮ ಕೂಗಿದ್ರೆ?"

"ಹೋರಿ ಕೋಸು ತಿನ್ಕೊಳ್ಲಿ."

ಬಂಡೆಯ ಮೇಲೆ ಹತ್ತೊಂಬತ್ತು ತೋಟಾಗಳ ಮದ್ದು ಹಿಡಿಯಷ್ಟು ರಾಶಿಯಾಗಿ ಬಿದ್ದಿತ್ತು. ಅದನ್ನು ಹಾಗೇ ಬಿಟ್ಟು ಹೋಗುವಂತಿಲ್ಲ. ಮಾರ್ನಿ ಕೈಯಿಂದ ಸವರಿ ರಾಶಿಯನ್ನು ಉದ್ದಕ್ಕೆ ತೆಳುವಾಗಿ ಹರಡಿದಳು. ಅಪ್ಪನನ್ನು ಹಿಂದೆ ಸರಿಸಿ ಒಂದು ಉದ್ದದ ಹುಲ್ಲುಕಡ್ಡಿಗೆ ಬೆಂಕಿ ಹಚ್ಚಿ ತುದಿಗೆ ಮುಟ್ಟಿಸಿದಳು. ಹಳದಿ ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಓಡಿತು. ಸುಸ್ಸೆಂದು ಮಂಡಿಯೆತ್ತರಕ್ಕೆ ಎದ್ದು ಇಲ್ಲವಾಯಿತು. ಸಿಡಿಯುವ ಸದ್ದೇ ಇಲ್ಲ. ಎದುರಿನ ಮರದ ಮೇಲಿದ್ದ ಕಾಗೆ ಕೂಡ ಹಾರಲಿಲ್ಲ.

ಮಾರ್ನಿ ಗವಸು ತೆಗೆದು ಬಂಡೆಯ ಮೇಲೆ ಅಂಗೈಯಿಟ್ಟಳು. "ಬೆಚ್ಚಗಿದೆ ನೋಡಪ್ಪ," ಎಂದಳು.

ಹಾರ್ಲನ್ ಅವಳ ಕೈಯ ಪಕ್ಕದಲ್ಲಿ ತನ್ನ ಕೈಯಿಟ್ಟ. ಬೆಚ್ಚಗಿತ್ತು. ಅದು ಆರುವವರೆಗೂ ಇಬ್ಬರೂ ಕೈ ತೆಗೆಯಲಿಲ್ಲ.