ಒಂದೇ ಗೋಡೆಗೆ ಕುಳಿತ ಇಬ್ಬರು

ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿ ಇಲ್ಲ. ಮೈ ಸೆಟೆಯುವ ಮೊದಲೇ ಕಾಲು ಮಡಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸುತ್ತೇವೆ. ಹಣೆಗೊಂದು ಬಿಳಿ ಅರಿವೆ ಕಟ್ಟಿ, ಅದರ ತುದಿಯನ್ನು ಮೇಲಿನ ಗೂಟಕ್ಕೆ ಬಿಗಿದರೆ ತಲೆ ನೆಟ್ಟಗೆ ನಿಲ್ಲುತ್ತದೆ. ಹಣೆತುಂಬ ವಿಭೂತಿ, ಹೆಗಲ ಮೇಲೆ ಶಾಲು, ಎದುರಿಗೆ ದೀಪ. ಗೊತ್ತಿಲ್ಲದವರು ನೋಡಿದರೆ ಮನೆಯ ಹಿರಿಯರು ಪೂಜೆಗೆ ಕುಂತಿದ್ದಾರೆ ಅಂದುಕೊಳ್ಳಬೇಕು, ಹಾಗೆ.

ನಮ್ಮ ಆಡೂರಿನ ಚನ್ನವೀರಪ್ಪ ತೀರಿಕೊಂಡಾಗಲೂ ಹಾಗೆಯೇ ಕೂರಿಸಿದೆವು. ಮಗಳು ಸಾಂಗ್ಲಿಯಿಂದ ಬರಬೇಕಿತ್ತು. ಅವಳು ಮುಖ ನೋಡಿದ ಮೇಲೆಯೇ ಮಣ್ಣು ಎಂದು ಅವನ ಹೆಂಡತಿ ಸರೋಜವ್ವ ಹಟ ಹಿಡಿದಳು. ಹಾನಗಲ್ಲಿನಿಂದ ಫ್ರೀಜರ್ ಪೆಟ್ಟಿಗೆ ತರಿಸೋಣವೇ ಎಂದು ಯಾರೋ ಕೇಳಿದರು. ಅದು ಮಲಗುವವರ ಪೆಟ್ಟಿಗೆ, ಕುಂತವರು ಅದರೊಳಗೆ ಹಿಡಿಸುವುದಿಲ್ಲ ಎಂದು ಇನ್ನೊಬ್ಬರು ಹೇಳಿದಾಗ, ಅಂಥ ಹೊತ್ತಿನಲ್ಲೂ ನಾಲ್ಕು ಮಂದಿ ಟವಲ್ಲಿನ ಮರೆಯಲ್ಲಿ ನಕ್ಕರು. ಹೇಗೂ ಚಳಿಗಾಲ. ರಾತ್ರಿಯಿಡೀ ಭಜನೆ ಮಾಡುತ್ತ ಕಾಯುವುದೆಂದು ಆಯಿತು. ಆ ಮೇಳದಲ್ಲಿ ನಾನು ತಾಳ ಬಾರಿಸುವವನು.

ಮೇಳಕ್ಕೆ ದನಿ ಎಂದರೆ ಇಬ್ಬರದೇ ಇತ್ತು. ಚನ್ನವೀರಪ್ಪನದು, ಅವನ ಗೆಳೆಯ ಕರಿಬಸಪ್ಪನದು. ಒಬ್ಬ ಹಾಡು ಎತ್ತಿದರೆ ಇನ್ನೊಬ್ಬ ಇಳಿಸಬೇಕು. ಸಂತೆಗೆ ಹೋದರೂ ಜೋಡಿ. ಕಣ್ಣಿನ ಪೊರೆ ತೆಗೆಸಿಕೊಳ್ಳುವುದಕ್ಕೂ ಒಬ್ಬನಿಗೊಬ್ಬ ಕಾದು, ಒಂದೇ ದಿನ ತೆಗೆಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು ಕೈ ಕೈ ಹಿಡಿದು ಬಸ್ಸಿನಿಂದ ಇಳಿದವರು. ಚನ್ನವೀರಪ್ಪ ಒಬ್ಬನೇ ಎಲ್ಲಿಗೂ ಹೋಗುವ ಗಿರಾಕಿ ಅಲ್ಲ ಎಂದು ಊರು ಚೇಷ್ಟೆ ಮಾಡುತ್ತಿತ್ತು. ಆ ರಾತ್ರಿ ಆ ಚೇಷ್ಟೆ ಯಾರ ಬಾಯಿಗೂ ಬರಲಿಲ್ಲ.

ಯಾಕೆಂದರೆ ಕರಿಬಸಪ್ಪ ಹೋಗಿ ಗೆಳೆಯನ ಮಗ್ಗುಲಿಗೇ, ಅದೇ ಗೋಡೆಗೆ ಬೆನ್ನು ಕೊಟ್ಟು ಕುಂತುಬಿಟ್ಟಿದ್ದ. ಹೆಣದ ಮಗ್ಗುಲಿಗೆ ಕುಂತವರು ಕಣ್ಣು ಮುಚ್ಚಬಾರದು ಎಂಬ ಮಾತು ನಮ್ಮಲ್ಲಿ ಇದೆ. ಮುಚ್ಚಿದರೆ, ಹೋಗುವವರು ಅವರನ್ನೂ ಎಬ್ಬಿಸಿಕೊಂಡು ಹೋಗುತ್ತಾರಂತೆ. ಕರಿಬಸಪ್ಪನ ಹೆಂಡತಿ ಅನ್ನವ್ವ ಬಂದು, ಅಲ್ಲಿಂದ ಏಳ್ರಿ, ಮೇಳದವರ ಜೋಡಿ ಕುಂದರ್ರಿ ಎಂದು ಸಣ್ಣ ದನಿಯಲ್ಲಿ ಹೇಳಿದಳು. ಕರಿಬಸಪ್ಪ ಅವಳನ್ನು ನೋಡಲೂ ಇಲ್ಲ.

"ಅವ ಒಬ್ಬನ ಹೆಂಗ ಕುಂದರ್ತಾನ?" ಅಂದ.

ಅನ್ನವ್ವ ಅಡಿಗೆಮನೆ ಸೇರಿ ಒಲೆ ಹಚ್ಚಿದಳು. ಎರಡು ಹಾಡಿಗೊಮ್ಮೆ ಅವಳ ಚಹಾ ಬರುತ್ತಿತ್ತು. ನಮಗೆಲ್ಲ ಕೊಟ್ಟ ಹಾಗೆ ಮಾಡಿ, ಕಡೆಗೆ ಗಂಡನ ಮುಂದೆ ನಿಂತು, ಅವನು ಕಪ್ಪು ಬರಿದು ಮಾಡುವ ತನಕ ಅವನ ಕಣ್ಣನ್ನೇ ನೋಡುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಹೆಣವನ್ನಲ್ಲ.

ಊಟದ ಹೊತ್ತು ದಾಟಿದ ಮೇಲೆ ಚನ್ನವೀರಪ್ಪನ ತಲೆ ವಾಲಿತು. ಅರಿವೆ ಸಡಿಲಾಗಿದೆ ಎಂದು, ಕ್ರಿಯೆ ಮಾಡಿಸಲು ಬಂದಿದ್ದ ಐನೋರು ಬಿಗಿದು ಕಟ್ಟಿದರು. ಒಂದು ಹಾಡು ಮುಗಿದು ಇನ್ನೊಂದಕ್ಕೆ ಹಾರ್ಮೋನಿಯಂ ಎಳೆಯುವುದರೊಳಗೆ ಮತ್ತೆ ವಾಲಿತು, ಕರಿಬಸಪ್ಪನ ಕಡೆಗೇ. ಬದುಕಿದ್ದಾಗ ಎರಡು ಹಾಡಿನ ನಡುವೆ ಅವನು ಹೀಗೆಯೇ ಬಾಗಿ, ಮುಂದಿನದು ಯಾವುದು ಎಂದು ಗೆಳೆಯನ ಕಿವಿಯಲ್ಲಿ ಕೇಳುತ್ತಿದ್ದ. ಐನೋರು ಈ ಸಲ ಎದ್ದರು, ನಿಂತರು, ಮತ್ತೆ ಕುಂತರು. ಗೂಟದ ಗಂಟು ಬಿಗಿಯಾಗಿಯೇ ಇತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ದೀಪದ ಬೆಳಕೊಂದೇ ಉಳಿಯಿತು. ಮುದುಕ ಚಳಿಗೆ ನಡುಗುತ್ತಿದ್ದಾನೆಂದು ಸರೋಜವ್ವ ಪೆಟ್ಟಿಗೆಯಿಂದ ಇನ್ನೊಂದು ಶಾಲು ತಂದು ಕರಿಬಸಪ್ಪನಿಗೆ ಹೊದಿಸಿದಳು. ಚನ್ನವೀರಪ್ಪನ ಮೈಮೇಲಿದ್ದದ್ದೂ ಇದೂ, ಇಬ್ಬರೂ ಒಂದೇ ಭಜನಾ ಸ್ಪರ್ಧೆಯಲ್ಲಿ ಹೊದಿಸಿಕೊಂಡು ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದ ಜೋಡಿ ಶಾಲುಗಳು. ಹಾಗೆ ಹೊದಿಸಿ ತಿರುಗಿದವಳು ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದಳು. ಅವಳನ್ನು ಎತ್ತಿಕೊಂಡು ಒಳಗೆ ಹೋಗಿ ನೀರು ಕುಡಿಸಲು ಅನ್ನವ್ವನೇ ಬೇಕಾಯಿತು. ಆ ಹೊತ್ತಿನ ಚಹಾ ಬರಲಿಲ್ಲ.

ಹೊರಗೆ ಟೆಂಪೊ ನಿಂತ ಸಪ್ಪಳವಾಯಿತು. ದುಂಡಸಿಯಿಂದ ಸರೋಜವ್ವನ ತಮ್ಮ ಶಂಭುಲಿಂಗ ಬಂದ. ಕೈಯಲ್ಲಿ ದೊಡ್ಡ ಸೇವಂತಿಗೆ ಮಾಲೆ, ಬಾಗಿಲಿನಿಂದಲೇ ಅಳು. ನಾವು ಹಾಡು ನಿಲ್ಲಿಸಲಿಲ್ಲ, ನಿಲ್ಲಿಸಬಾರದು. ದೀಪದ ಮಬ್ಬಿನಲ್ಲಿ ಹಣೆಯ ಅರಿವೆ ಕಾಣದ ಅವನ ಕಣ್ಣಿಗೆ ಕಂಡದ್ದು ಇಷ್ಟು: ಗೋಡೆಗೆ ಇಬ್ಬರು ಮುದುಕರು, ಇಬ್ಬರಿಗೂ ವಿಭೂತಿ, ಇಬ್ಬರಿಗೂ ಒಂದೇ ಥರದ ಶಾಲು. ಒಬ್ಬ ದುಃಖ ತಡೆಯಲಾರದೆ ಇನ್ನೊಬ್ಬನ ಹೆಗಲಿಗೆ ವಾಲಿದ್ದಾನೆ. ಇನ್ನೊಬ್ಬ ಕಣ್ಣು ಮುಚ್ಚಿ ನೆಟ್ಟಗೆ ಕುಂತಿದ್ದಾನೆ. ಯಾರೇ ಆಗಲಿ ನೆಟ್ಟಗೆ ಕುಂತವನಿಗೇ ಮಾಲೆ ಹಾಕುತ್ತಿದ್ದರು. ಶಂಭುಲಿಂಗನೂ ಹಾಕಿದ. ಹಾಕಿ, "ಮಾವಾ" ಎಂದು ಕಾಲು ಹಿಡಿದವನು ಕೈಯನ್ನು ಕೆಂಡದಿಂದ ಎಳೆದುಕೊಂಡ ಹಾಗೆ ಎಳೆದುಕೊಂಡ.

"ಕಾಲು ಬಿಸಿ ಅದಾವ," ಅಂದ.

ಹಾಡು ತಾನಾಗಿ ನಿಂತಿತು. ಕರಿಬಸಪ್ಪ ಕೂಡಲೇ ಕಣ್ಣು ತೆರೆಯಲಿಲ್ಲ. ಇವನೂ ಹೋದನೇ ಎಂದು ನಾನು ತಾಳ ಕೆಳಗಿಟ್ಟೆ. ಆಮೇಲೆ ಮೆಲ್ಲಗೆ ರೆಪ್ಪೆ ಎದ್ದವು. ಕೊರಳ ಮಾಲೆ ನೋಡಿಕೊಂಡ. ಹೆಗಲ ಮೇಲಿದ್ದ ತಲೆಯ ಕಡೆ ತಿರುಗಿದ.

"ಕಡೀಗೂ ಹಾಕಿಸಿದಿ, ಹೌದಿಲ್ಲೋ?" ಎಂದು ಗೆಳೆಯನನ್ನು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ.

ಮಾಲೆ ಏನು ಮಾಡುವುದು ಎಂದು ಗುಸುಗುಸು ಶುರುವಾಯಿತು. ಬದುಕಿದವನು ಹಾಕಿಕೊಂಡ ಹೂವನ್ನು ಸತ್ತವನಿಗೆ ಏರಿಸುವಂತಿಲ್ಲ. ಸತ್ತವನ ಹೆಸರಿನಲ್ಲಿ ತಂದದ್ದನ್ನು ಹೊರಗೆ ಎಸೆಯುವಂತಿಲ್ಲ. ಹಾಕಿದವನೇ ತೆಗೆಯಲಿ ಎಂದು ಐನೋರು ಹೇಳಿದರು. ಶಂಭುಲಿಂಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಕಡೆಗೆ ಸರಿದ. ಇರಲಿ ಬಿಡಿ, ನಾಳೆ ಅವನ ಜೋಡಿಯೇ ಕುಣಿಗೆ ಹೋಗಲಿ ಎಂದು ಕರಿಬಸಪ್ಪನೇ ಸಮಾಧಾನ ಹೇಳಿದ. ಕೊರಳು ಬಿಟ್ಟು ಹೂವಷ್ಟೇ ಹೇಗೆ ಹೋಗುತ್ತದೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅನ್ನವ್ವ ಯಾವಾಗ ಬಂದಳೋ. ಗಂಡನ ಮುಂದೆ ಕುಕ್ಕರಗಾಲಲ್ಲಿ ಕುಂತು ಮಾಲೆಯ ದಾರ ಹರಿದಳು. ಗೇಣುದ್ದ ಹೂವು ಕಿತ್ತು, ದಿನಾ ಮುಡಿಯುವ ಹಾಗೆ ತುರುಬಿಗೆ ಸಿಕ್ಕಿಸಿಕೊಂಡಳು. ಉಳಿದದ್ದನ್ನು ಸೆರಗಿಗೆ ಸುರಿದು ಗಂಟು ಹಾಕಿದಳು.

ರಾತ್ರಿಯಿಡೀ ಹೆದರದ ಕರಿಬಸಪ್ಪ ಆಗ ಹೆದರಿದ. "ತಗಿ ಅದನ್ನ," ಅಂದ.

"ತಗಿಯಂಗಿಲ್ಲ. ನಿಮಗಿಂತ ಮೊದಲ ಹೋಗಬೇಕು ಅಂತ ಸೋಮವಾರಕ್ಕೊಮ್ಮೆ ಬೇಡಕೊಂತ ಬಂದೇನಿ." ಆಮೇಲೆ ವಾಲಿದ ತಲೆಯ ಕಡೆ ನೋಡಿ, "ಅಣ್ಣಾ, ಜೋಡಿ ಬೇಕಾದ್ರ ನಾ ಅದೇನಿ. ಇವರನ್ನ ಬಿಡು," ಅಂದಳು.

ಎದ್ದು ಹೋಗಿ ಮತ್ತೆ ಚಹಾಕ್ಕೆ ಇಟ್ಟಳು. ಅಲ್ಲಿಂದ ಬೆಳಗಾಗುವ ತನಕ ಚನ್ನವೀರಪ್ಪನ ವಾಲಿದ್ದ ತಲೆ ಮತ್ತೆ ಗೂಟದ ಕೆಳಗೆ ನೆಟ್ಟಗೆ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಮಗಳು ಬಂದು ಅತ್ತದ್ದಾಯಿತು. ಕೂರಿಸಿ ಹೊರುವ ವಿಮಾನ ಕಟ್ಟಿ ಹೊಲಕ್ಕೆ ಒಯ್ದದ್ದಾಯಿತು. ಕುಣಿಯ ಬಲದಂಡೆಗೆ ಗಂಡಸರು, ಎಡಕ್ಕೆ ಹೆಂಗಸರು ನಿಂತರು. ಬಿಸಿಲು ಏರಿತ್ತು. ನಮ್ಮ ಕೈಯಲ್ಲಿದ್ದ ಬಿಲ್ವಪತ್ರೆ ಬಾಡಿತ್ತು, ಅನ್ನವ್ವನ ತಲೆಯ ಸೇವಂತಿಗೆ ಮಾತ್ರ ಈಗಷ್ಟೇ ಗಿಡದಿಂದ ಕಿತ್ತ ಹಾಗಿತ್ತು. ಐನೋರು ಕುಣಿಗೆ ಇಳಿದು ಚನ್ನವೀರಪ್ಪನನ್ನು ಅದರ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿ, ತಲೆಯ ಎರಡೂ ಕಡೆ ವಿಭೂತಿ ಗಟ್ಟಿ ಒತ್ತುಕೊಟ್ಟು ಮೇಲೆ ಬಂದರು. ಮೊದಲ ಹಿಡಿ ಮಣ್ಣು ಬಿತ್ತು. ಒಂದು ಗಟ್ಟಿ ಜಾರಿತು. ಹಿಂದೆಯೇ ತಲೆ ತಿರುಗಿತು, ಈ ಸಲ ಎಡಕ್ಕೆ, ಹೆಂಗಸರ ಕಡೆಗೆ.

ಅನ್ನವ್ವ ನೋಡಿದಳು. ಸೆರಗು ಸರಿಮಾಡಿಕೊಂಡು, ಯಾರೋ ಕರೆದ ಹಾಗೆ ಒಂದು ಹೆಜ್ಜೆ ಮುಂದೆ ಬಂದಳು.

ಕರಿಬಸಪ್ಪ ಕುಣಿಯನ್ನು ಬಳಸಿಕೊಂಡು ಹೋಗಿ ಅವಳ ಮುಂದೆ ನಿಂತ. ಬೆನ್ನು ಹೆಂಡತಿಗೆ, ಮುಖ ಗೆಳೆಯನಿಗೆ. ತಿರುಗಿ ನೋಡದೆಯೇ ಕೈ ಹಿಂದೆ ಚಾಚಿ, ತಡಕಾಡಿ, ಅವಳ ತುರುಬಿನ ಹೂವು ಎಳೆದು ತನ್ನ ಕಿವಿಯ ಮೇಲೆ ಇಟ್ಟುಕೊಂಡ.

"ಚನ್ನ್ಯಾ, ಸಾಕಿನ್ನ. ನೆಟ್ಟಗ ಕುಂದ್ರು," ಅಂದ.

ನಾವು ಗಡಿಬಿಡಿಯಲ್ಲಿ ಮಣ್ಣು ಎಳೆದೆವು. ತಲೆ ಯಾವ ಕಡೆ ಇದೆ ಎಂದು ಬಾಗಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಆ ಮುದುಕ ಮುದುಕಿ ಒಬ್ಬರ ಹಿಂದೊಬ್ಬರು ಬದುವಿನ ಮೇಲೆ ಮನೆಗೆ ಹೊರಟರು. ಮುಂದೆ ಅವನು, ಕಿವಿಯ ಮೇಲೆ ಹೂವು. ಹಿಂದೆ ಅವಳು. ಮಾಲೆಯ ಉಳಿದ ಹೂವು ಕಟ್ಟಿದ್ದ ಸೆರಗಿನ ಗಂಟು ಇನ್ನೂ ಬಿಚ್ಚಿರಲಿಲ್ಲ.